ಒಂದೇ ನೀರಿನಲ್ಲಿದ್ದು ಬೆರೆಯದ ಮೀನುಗಳು

ಬೇಸಗೆಯಲ್ಲಿ ಕೆರೆಯ ನೀರು ತಗ್ಗಿದ ಮೇಲೆ ಬಲೆಯೆಳೆಯುವ ದಿವಸ ಏರಿಯ ಮೇಲೆ ನಿಂತು ನೋಡುವವರಿಗೆ ಒಂದು ಸಂಗತಿಯು ಕಣ್ಣಿಗೆ ಬೀಳದೆ ಇರದು. ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಕೆರೆಕಟ್ಟೆಗಳಲ್ಲಾಗಲಿ, ಮಳವಳ್ಳಿಯ ಕಡೆಯ ಕೆರೆಗಳಲ್ಲಾಗಲಿ, ಬಲೆಗೆ ಬಂದ ರಾಶಿಯನ್ನು ಮೀನುಗಾರರು ನೋಡನೋಡುತ್ತಿರುವಂತೆಯೇ ಬೇರೆಬೇರೆಯಾಗಿ ವಿಂಗಡಿಸಿಬಿಡುವರು. ದೊಡ್ಡ ತಲೆಯ ಕಾಟ್ಲಾ ಒಂದು ಕಡೆ, ಅಂಚುಗಟ್ಟಿದ ತುಟಿಯ ರೋಹು ಒಂದು ಕಡೆ, ಬೆಳ್ಳಗೆ ನೀಳವಾದ ಮೃಗಾಲ್ ಒಂದು ಕಡೆ, ಸಾಮಾನ್ಯ ಗೆಂಡೆ, ಕೊರವ, ಪಕ್ಕೆ ಮೊದಲಾದವು ಇನ್ನೊಂದು ಕಡೆ. ಈ ವಿಂಗಡಣೆಯಲ್ಲಿ ಅವರು ತಪ್ಪುವುದು ಅಪರೂಪ. ಏಕೆಂದರೆ ಇಷ್ಟು ಬಗೆಯ ಮೀನುಗಳು ಒಂದೇ ನೀರು ಕುಡಿದು, ಒಂದೇ ಕೆಸರಿನಲ್ಲಿ ಹೊರಳಿ ಬೆಳೆದಿದ್ದರೂ, ಪ್ರತಿಯೊಂದೂ ತನ್ನ ಕುಲದ ಲಕ್ಷಣವನ್ನು ಸ್ಪಷ್ಟವಾಗಿ ಉಳಿಸಿಕೊಂಡಿರುತ್ತದೆ.

ಆದರೆ ಒಮ್ಮೊಮ್ಮೆ ರಾಶಿಯಲ್ಲಿ ಒಂದು ಮೀನು ಕೈಯಲ್ಲಿಯೇ ಉಳಿದುಬಿಡುವುದುಂಟು. ಅದರ ತಲೆ ಕಾಟ್ಲಾದಷ್ಟು ದೊಡ್ಡದಲ್ಲ. ತುಟಿ ರೋಹುವಿನಷ್ಟು ಅಂಚುಗಟ್ಟಿಲ್ಲ. ಬಾಯಿ ಮೇಲಕ್ಕೂ ತಿರುಗಿಲ್ಲ, ಕೆಳಕ್ಕೂ ಬಾಗಿಲ್ಲ. ಕೊಳ್ಳಲು ಬಂದ ವ್ಯಾಪಾರಿಯು ಅದನ್ನು ತಿರುಗಿಸಿ ನೋಡಿ, ಯಾವ ಬೆಲೆಗೆ ಸೇರಿಸಬೇಕೆಂದು ತಿಳಿಯದೆ ಪಕ್ಕಕ್ಕಿಡುವನು. ಇಂಥ ಮೀನು ಎಲ್ಲಿಂದ ಬಂದಿತು, ಇದು ಹೆಚ್ಚಿದರೆ ಕೆರೆಯ ಗುತ್ತಿಗೆ ಹಿಡಿದವರಿಗೂ ಊರಿಗೂ ಹೊಳೆಗೂ ಏನು ನಷ್ಟ ಎಂಬುದನ್ನು ಗ್ರಾಮದ ಮುಖಂಡರೂ, ಕೃಷಿ ಹೊಂಡ ತೋಡಿಸಿ ಮೀನುಮರಿ ಬಿಡುವ ಜಮೀನುದಾರರೂ ಅರಿತಿರುವುದು ಅವಶ್ಯಕ. ಅದನ್ನು ಅರಿಯಬೇಕಾದರೆ ಮೊದಲು, ಹತ್ತಿರದ ನಂಟುಳ್ಳ ಮೀನುಗಳು ಸ್ವಾಭಾವಿಕವಾಗಿ ಬೆರೆಯದೆ ಉಳಿಯುವುದು ಹೇಗೆಂಬುದನ್ನು ತಿಳಿಯಬೇಕು.

ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಯು ದುಡಿಮೆಗೆ ಗಟ್ಟಿಯಾದರೂ ಮರಿ ಹಾಕಲಾರದೆಂಬುದನ್ನು ಎಲ್ಲರೂ ಬಲ್ಲರು. ಅಲ್ಲಿ ಎರಡು ಜಾತಿಗಳ ನಡುವಣ ಬೇಲಿಯು ಸಂತಾನದ ಶರೀರದೊಳಗೇ ಇದೆ. ಆದರೆ ಬೇಲಿಯು ಯಾವಾಗಲೂ ಅಷ್ಟು ಒಳಗಿರಬೇಕೆಂಬ ನಿಯಮವಿಲ್ಲ. ಕೂಡುವ ಕಾಲ ಬೇರೆಯಾಗಿದ್ದರೆ ಸಾಕು. ಕೂಡುವ ಸ್ಥಳ ಬೇರೆಯಾಗಿದ್ದರೂ ಸಾಕು. ಹೆಣ್ಣು ಅನ್ಯಜಾತಿಯ ಗಂಡನ್ನು ಒಲ್ಲದೆ ದೂರ ಸರಿದರೂ ಸಾಕು. ಮೀನುಗಳಲ್ಲಿ ಈ ಹೊರಗಣ ಬೇಲಿಗಳಿಗೆ ವಿಶೇಷವಾದ ಬೆಲೆಯುಂಟು. ಹಸುವಿನಲ್ಲಿಯಂತೆ ಗರ್ಭವು ಒಳಗೆ ಕಟ್ಟುವುದಿಲ್ಲ. ಹೆಣ್ಣು ತತ್ತಿಯನ್ನೂ ಗಂಡು ಹಾಲನ್ನೂ ನೀರಿಗೇ ಬಿಡುವುವು. ತತ್ತಿ ಹಾಲುಗಳ ಸಂಗಮವು ನೀರಿನಲ್ಲಿಯೇ ಆಗಬೇಕು. ಹೀಗೆ ಬಯಲಿನಲ್ಲಿ ನಡೆಯುವ ಕಾರ್ಯದಲ್ಲಿ ತಪ್ಪುಹಾಲು ಬಂದು ಸೇರುವುದಕ್ಕೆ ಅಡ್ಡಿಯೇನೂ ಇಲ್ಲವೆಂದು ತೋರಬಹುದು. ಆದರೂ ಅದು ಸೇರುವುದು ವಿರಳ.

ಕಾಲವೂ ಸ್ಥಳವೂ

ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗಾನದಿಯ ಬಯಲಿನ ಮೀನುಗಳು. ಕಾವೇರಿಯ ಸೀಮೆಗೆ ಹೊರಗಿನಿಂದ ಬಂದವು. ಮುಂಗಾರಿನಲ್ಲಿ ಹೊಳೆಯು ಕೆಂಪಾಗಿ ಏರಿ ದಡದ ತಗ್ಗುಗಳಲ್ಲಿ ಹೊಸನೀರು ಹರಡಿದಾಗ ಮಾತ್ರ ಇವು ತತ್ತಿಯಿಡುವುವು. ತತ್ತಿಯು ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ನೀರು ಕುಡಿದು ಉಬ್ಬಿ, ಹರಿವಿನಲ್ಲಿ ಉರುಳುತ್ತ, ಒಂದು ಹಗಲು ಅಥವಾ ಒಂದು ರಾತ್ರಿಯ ಒಳಗಾಗಿ ಒಡೆಯುವುದು. ನಿಂತ ನೀರಿನ ಕೆರೆಯಲ್ಲಿ ಇವು ಬೆಳೆಯುವುವು, ಹೊಟ್ಟೆಯಲ್ಲಿ ತತ್ತಿಯೂ ಕಟ್ಟುವುದು. ಆದರೆ ಹರಿವು ಇಲ್ಲದುದರಿಂದ ಅದನ್ನು ಬಿಡದೆ, ಕಾಲ ಮೀರಿದ ಮೇಲೆ ಶರೀರದೊಳಗೇ ಕರಗಿಸಿಕೊಳ್ಳುವುವು. ಕಾಟ್ಲಾ ಮರಿಗಳನ್ನು ಒಂದು ಸಾರಿ ಬಿಟ್ಟರೆ ಮುಂದೆ ತಾನೇ ಹೆಚ್ಚಿಕೊಳ್ಳುವುದೆಂದು ನಂಬಿ ಕುಳಿತವರು ಮೂರನೆಯ ವರ್ಷ ಬರಿಯ ಬಲೆ ಎಳೆಯಬೇಕಾಗುವುದು ಇದರಿಂದಲೇ.

ಸಾಮಾನ್ಯ ಗೆಂಡೆಯ ರೀತಿಯೇ ಬೇರೆ. ಇದು ಪರದೇಶದ ಮೀನು. ಇದರ ಒಂದು ತಳಿಯನ್ನು 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತಂದರು, ಬ್ಯಾಂಕಾಕಿನ ತಳಿಯು 1957ರಲ್ಲಿ ಕಟಕಕ್ಕೆ ಬಂದಿತು. ಇದಕ್ಕೆ ಪ್ರವಾಹ ಬೇಡ. ಕೆರೆಯ ಅಂಚಿನ ಜೊಂಡು, ಪಾಚಿ, ಮುಳುಗಿದ ಹುಲ್ಲು ದೊರೆತರೆ ಅದರ ಮೇಲೆಯೇ ತತ್ತಿಯನ್ನು ಅಂಟಿಸುವುದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ, ಮಳೆಗಾಲದಲ್ಲಿಯೂ ಚಳಿಗಾಲ ಕಳೆಯುವ ಹೊತ್ತಿನಲ್ಲಿಯೂ, ತತ್ತಿಯಿಡುವುದು. ಕಾಟ್ಲಾದ ತತ್ತಿಗೆ ಓಡುವ ನೀರು ಬೇಕು, ಗೆಂಡೆಯ ತತ್ತಿಗೆ ಕೂರುವ ಹುಲ್ಲು ಬೇಕು. ಇವೆರಡೂ ಒಂದೇ ಕೆರೆಯಲ್ಲಿ ನೂರು ವರ್ಷವಿದ್ದರೂ ತತ್ತಿಯಿಡುವ ಕಾಲದಲ್ಲಿ ಒಂದರ ಎದುರಿಗೆ ಒಂದು ಬರುವ ಸಂಭವವಿಲ್ಲ.

ಕೊರವದ ವರ್ಗದಲ್ಲಿ ಸ್ಥಳಭೇದವೂ ನಡವಳಿಕೆಯ ಭೇದವೂ ಕೂಡಿಕೊಂಡಿವೆ. ಮೈಮೇಲೆ ಪಟ್ಟೆಯುಳ್ಳ ಕೊರವವು ತೆಳುನೀರಿನ ಗಿಡಗಂಟಿಗಳ ನಡುವೆ ಜಾಗ ಬಿಡಿಸಿಕೊಂಡು ತೇಲುವ ತತ್ತಿಯಿಟ್ಟು, ಗಂಡು ಹೆಣ್ಣೆರಡೂ ಅದಕ್ಕೆ ಕಾವಲು ನಿಲ್ಲುವುವು. ಬಾಲದ ಬುಡದಲ್ಲಿ ಕಣ್ಣಿನಂಥ ಮಚ್ಚೆಯುಳ್ಳ ಹೂವಿನ ಮೀನು ಆಳವಾದ ನೀರನ್ನು ಬಯಸುವುದು. ಗದ್ದೆಯ ಕಾಲುವೆ, ಹಳ್ಳದ ಸಂದುಗಳಲ್ಲಿರುವ ಗೇಣುದ್ದದ ಕುಳ್ಳ ಕೊರವದಲ್ಲಿಯಂತೂ ಗಂಡು ತತ್ತಿಯನ್ನು ಬಾಯಲ್ಲಿಟ್ಟುಕೊಂಡು ಕಾಯುವುದು. ಬಾಯಲ್ಲಿ ಕಾಯುವ ಮೀನಿಗೂ ಗೂಡಿನಲ್ಲಿ ಕಾಯುವ ಮೀನಿಗೂ ದಾಂಪತ್ಯ ಹೊಂದುವುದು ಸುಲಭವಲ್ಲವೆಂದು ವಿವರಿಸಿ ಹೇಳಬೇಕಾದುದಿಲ್ಲ.

ಗುರುತಿನ ಬೇಲಿ

ಕಾಟ್ಲಾ ರೋಹುಗಳ ವಿಷಯವೇ ಕಠಿಣವಾದುದು. ಇವೆರಡಕ್ಕೂ ಒಂದೇ ಋತು, ಒಂದೇ ಪ್ರವಾಹ, ಅನೇಕ ವೇಳೆ ಒಂದೇ ರಾತ್ರಿ. ಹೊಳೆಯ ದಡದಲ್ಲಿ ಬಟ್ಟೆಬಲೆ ಕಟ್ಟಿ ಮೊಟ್ಟೆಮರಿ ಹಿಡಿಯುತ್ತಿದ್ದ ಕಾಲದಲ್ಲಿ ಒಂದೇ ಬಲೆಗೆ ಮೂರು ನಾಲ್ಕು ಜಾತಿಯ ಮರಿ ಕೂಡಿಯೇ ಬರುತ್ತಿದ್ದಿತು. ಆದರೂ ಅವು ಬೆಳೆದ ಮೇಲೆ ನೋಡಿದರೆ ಕಾಟ್ಲಾ ಕಾಟ್ಲಾವಾಗಿಯೇ ಇರುತ್ತಿದ್ದಿತು. ಇದಕ್ಕೆ ಕಾರಣವು ಕೂಡುವಿಕೆಯ ಕ್ರಮದಲ್ಲಿದೆ. ಹೆಣ್ಣೊಂದರ ಬೆನ್ನು ಹತ್ತಿ ಅದೇ ಜಾತಿಯ ಎರಡು ಮೂರು ಗಂಡುಗಳು ಬಹು ಹೊತ್ತು ಅಟ್ಟಾಡುವುವು. ಮೂತಿಯಿಂದ ಅದರ ಹೊಟ್ಟೆಯನ್ನು ತಿವಿಯುವುವು. ಮೈಗೆ ಮೈ ತಿಕ್ಕುವುವು. ಕೊನೆಗೆ ನೀರನ್ನು ಕದಡಿ ತತ್ತಿಹಾಲುಗಳನ್ನು ಒಟ್ಟಿಗೇ ಸುರಿಯುವುವು. ನೀರಿಗೆ ಬಿದ್ದ ಹಾಲಿನ ವೀರ್ಯಾಣುಗಳ ಚೈತನ್ಯವು ಒಂದೆರಡು ನಿಮಿಷಗಳಲ್ಲಿಯೇ ಮುಗಿದುಹೋಗುವುದು. ತತ್ತಿಯಲ್ಲಿ ಅವು ಪ್ರವೇಶಿಸತಕ್ಕ ರಂಧ್ರವು ಸೂಜಿಮೊನೆಗಿಂತಲೂ ಕಿರಿದು. ತತ್ತಿಯು ನೀರು ಕುಡಿದು ಉಬ್ಬಿದೊಡನೆ ಅದೂ ಮುಚ್ಚಿಹೋಗುವುದು. ಆದುದರಿಂದ ಹತ್ತು ಮಾರು ದೂರದಲ್ಲಿ ಮತ್ತೊಂದು ಜಾತಿಯ ಗಂಡು ಹಾಲು ಬಿಟ್ಟರೂ, ಹರಿಯುವ ಹೊಳೆಯಲ್ಲಿ ಅದು ಈ ತತ್ತಿಯನ್ನು ತಲುಪುವ ಮೊದಲೇ ಸತ್ತಿರುತ್ತದೆ. ಅಟ್ಟಾಡುವ ಗಂಡು ತನ್ನ ಜಾತಿಯದೇ ಆಗಿದ್ದರೆ ಮಿಕ್ಕ ಕಾರ್ಯವನ್ನು ಹರಿಯುವ ನೀರೇ ಮಾಡಿಕೊಳ್ಳುವುದು.

ತನ್ನ ಜಾತಿಯೆಂಬ ಗುರುತು ಮೀನಿಗೆ ಕಣ್ಣಿನಿಂದಲೂ ಮೂಗಿನಿಂದಲೂ ದೊರೆಯುತ್ತದೆ. ಇದನ್ನು ಕುರಿತು ಹೊರದೇಶಗಳಲ್ಲಿ ನಡೆದಿರುವ ಎರಡು ಪರೀಕ್ಷೆಗಳು ನಮ್ಮ ಕೆರೆಗಳನ್ನು ನೋಡಿಕೊಳ್ಳುವವರಿಗೂ ಉಪಯುಕ್ತವಾಗಿವೆ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಜಿಲೇಬಿ ಮೀನಿನ ನಂಟಿನ ನೂರಾರು ಸಣ್ಣ ಜಾತಿಗಳಿವೆ. ಅವುಗಳಲ್ಲಿ ಹಲವಕ್ಕೆ ಪರಸ್ಪರ ಭೇದವು ಗಂಡಿನ ಬಣ್ಣವೊಂದೇ. ಕೆಂಪು ಗಂಡಿನ ಜಾತಿಯ ಹೆಣ್ಣು ಕೆಂಪನ್ನೂ, ನೀಲಿ ಗಂಡಿನ ಜಾತಿಯ ಹೆಣ್ಣು ನೀಲಿಯನ್ನೂ ಆರಿಸಿಕೊಳ್ಳುವುದು. ಸುತ್ತಲ ಜಮೀನಿನ ಮಣ್ಣು ಗೊಬ್ಬರಗಳೂ ಊರುಗಳ ಕೊಳಚೆಯೂ ಸೇರಿ ಸರೋವರದ ನೀರು ರಾಡಿಯಾದ ಕಡೆಗಳಲ್ಲಿ ಬಣ್ಣ ಕಾಣಿಸದೆ ಹೆಣ್ಣುಗಳ ಆಯ್ಕೆ ಕೆಟ್ಟು, ಜಾತಿಗಳು ಒಂದರೊಳಗೊಂದು ಕರಗಿದುವೆಂದು ಸೀಹೌಸೆನ್ ಮೊದಲಾದ ವಿದ್ವಾಂಸರು 1997ರಲ್ಲಿ ಪ್ರಕಟಿಸಿದರು. ತೊಟ್ಟಿಯಲ್ಲಿ ಬಣ್ಣಗಳ ಭೇದ ತಿಳಿಯದಂಥ ಬೆಳಕನ್ನು ಹಾಯಿಸಿದಾಗಲೂ ಹೆಣ್ಣುಗಳು ಹೀಗೆಯೇ ಗುರುತು ತಪ್ಪಿದುವು. ಮೆಕ್ಸಿಕೋ ದೇಶದ ಹಳ್ಳಗಳಲ್ಲಿರುವ, ಕತ್ತಿಯಂಥ ಬಾಲದ ಮೀನುಗಳ ಮೇಲೆ ನಡೆದ ಎರಡನೆಯ ಪರೀಕ್ಷೆಯು 2006ರಲ್ಲಿ ಪ್ರಕಟವಾಯಿತು. ತಿಳಿನೀರಿನಲ್ಲಿ ಹೆಣ್ಣು ವಾಸನೆಯಿಂದಲೇ ತನ್ನ ಜಾತಿಯ ಗಂಡನ್ನು ಗುರುತಿಸುತ್ತಿದ್ದಿತು. ಕೊಳೆತ ಎಲೆ ಸೊಪ್ಪುಗಳಿಂದ ಬಿಡುವ ಕಂದುಬಣ್ಣದ ಆಮ್ಲವನ್ನು ನೀರಿಗೆ ಸೇರಿಸಿದೊಡನೆ ಆ ಶಕ್ತಿಯು ಇಲ್ಲವಾಯಿತು. ಮತ್ತೆ ತಿಳಿನೀರಿಗೆ ತಂದಾಗ ಮರಳಿ ಬಂದಿತು.

ಕೆರೆಯ ಜಲಾನಯನದಲ್ಲಿ ಬದು ಹಾಕದೆ ಮೇಲ್ಮಣ್ಣು ಕೊಚ್ಚಿ ಬರುವುದರಿಂದ ಕೆರೆಯು ಹೂಳುವುದೆಂದೂ ಅಚ್ಚುಕಟ್ಟಿಗೆ ನೀರು ಸಾಲದಾಗುವುದೆಂದೂ ರೈತರು ಅರಿತಿರುವರು. ರಾಡಿನೀರು ಮೀನಿನ ಕಣ್ಣು ಮೂಗುಗಳನ್ನೂ ಕಟ್ಟುವುದೆಂಬುದನ್ನು ಅದರ ಜೊತೆಗೆ ಸೇರಿಸಿಕೊಳ್ಳಬೇಕು. ಆದರೆ ಇದನ್ನು ಅತಿಯಾಗಿ ಹಿಗ್ಗಿಸುವುದೂ ತಪ್ಪು. ನಮ್ಮ ಕಾಟ್ಲಾ ರೋಹುಗಳು ಕೆಂಪುನೀರಿನ ಪ್ರವಾಹದಲ್ಲಿಯೇ ಕೂಡುವ ಮೀನುಗಳಾದುದರಿಂದ, ಅವು ಬಣ್ಣಕ್ಕಿಂತ ವಾಸನೆ ಸ್ಪರ್ಶಗಳನ್ನೇ ನೆಚ್ಚಿರಬೇಕೆಂದು ಊಹಿಸುವುದು ಯುಕ್ತ.

ಒಳಗಣ ಬೇಲಿ ಇದ್ದರೂ ಇಲ್ಲದಿದ್ದರೂ

ಹೊರಗಣ ಬೇಲಿ ಮುರಿದು ತಪ್ಪುಹಾಲು ತತ್ತಿಗೆ ಸೇರಿತೆನ್ನೋಣ. ಆಗ ಆಗುವುದೇನೆಂಬುದು ವರ್ಣತಂತುಗಳನ್ನು ಅವಲಂಬಿಸಿದೆ. ಪ್ರತಿಯೊಂದು ಪ್ರಾಣಿಯ ಜೀವಕಣಗಳಲ್ಲಿಯೂ ಕುಲಲಕ್ಷಣಗಳನ್ನು ಹೊತ್ತ ಈ ಎಳೆಗಳು ಜೋಡಿಜೋಡಿಯಾಗಿ ಇರುವುವು. ಸಂತಾನಕ್ಕೆ ಅರ್ಧ ತಾಯಿಂದ, ಅರ್ಧ ತಂದೆಯಿಂದ ಬರುವುವು. ಕಾಟ್ಲಾ, ರೋಹು, ಮೃಗಾಲ್ ಮೂರರಲ್ಲಿಯೂ ಇವು 50. ಸಾಮಾನ್ಯ ಗೆಂಡೆಯಲ್ಲಿ ಸುಮಾರು 100. ಗೆಂಡೆಯನ್ನೂ ರೋಹುವನ್ನೂ ಮನುಷ್ಯರು ಬಲವಂತದಿಂದ ಕೂಡಿಸಿದಾಗ ಹುಟ್ಟುವ ಮರಿಗೆ 50ರ ಅರ್ಧವಾದ 25, 100ರ ಅರ್ಧವಾದ 50, ಒಟ್ಟು ಸುಮಾರು 75 ಎಳೆಗಳು ಬರುವುವು. ಇವು ಸರಿಯಾಗಿ ಜೋಡಿಗೂಡಲಾರದೆ ಮೀನು ಬಂಜೆಯಾಗುವುದು. ಹೇಸರಗತ್ತೆಯ ಕಥೆಯೇ ಇಲ್ಲಿಯೂ. ಕೊರವಗಳಲ್ಲಿಯೂ ಈ ಭೇದವು ದೊಡ್ಡದು. ಚುಕ್ಕೆಯ ಕೊರವಕ್ಕೆ 32, ಪಟ್ಟೆಯ ಕೊರವಕ್ಕೆ 40, ಹೂವಿನ ಮೀನಿಗೆ 44 ಎಂದು ಎಣಿಸಿದ್ದಾರೆ.

ಕಾಟ್ಲಾ ರೋಹುಗಳಿಗಾದರೋ ಎಣಿಕೆಯೂ ಒಂದೇ, ಎಳೆಗಳ ಆಕಾರವೂ ಬಹುಮಟ್ಟಿಗೆ ಒಂದೇ. ಅವುಗಳ ಬೆರಕೆಯ ಮರಿಯು ಬದುಕುವುದು, ಬೆಳೆಯುವುದು, ಬೆಳೆದು ತಾನೂ ತತ್ತಿಹಾಲುಗಳನ್ನು ಕೊಡುವುದು. ರೋಹುವಿಗೂ ನಮ್ಮ ನದಿಯಲ್ಲಿ ಕಾಗೆಮೀನೆಂದು ಕರೆಯುವ ಕಪ್ಪು ಮೀನಿಗೂ ಹುಟ್ಟಿದ ಸಂತಾನವೂ ಫಲವತ್ತಾದುದೇ. ಕಾಟ್ಲಾವನ್ನು ಹಿಂದೆ ಬೇರೊಂದು ಕುಲವೆಂದು ಎಣಿಸುತ್ತಿದ್ದ ಶಾಸ್ತ್ರಜ್ಞರಲ್ಲಿ ಅನೇಕರು ಈಗ ಅದನ್ನು ರೋಹುವಿನ ಕುಲಕ್ಕೇ ಸೇರಿಸಿರುತ್ತಾರೆ. ಇದರಿಂದ ಮುಖ್ಯವಾಗಿ ತಿಳಿಯತಕ್ಕದ್ದು ಇಷ್ಟು: ಈ ಮೀನುಗಳಿಗೆ ಒಳಗಣ ಬೇಲಿಯೇ ಇಲ್ಲ. ಲಕ್ಷಾಂತರ ವರ್ಷಗಳು ಅವುಗಳನ್ನು ಬೇರೆಬೇರೆಯಾಗಿ ಇಟ್ಟಿದ್ದುದು ವಿಶಾಲವಾದ ಹೊಳೆ, ಓಡುವ ನೀರು, ಹೆಣ್ಣಿನ ಆಯ್ಕೆ, ಇವು ಮೂರೇ. ಬಂಗಾಳದ ಕಡೆ ಮಳೆನೀರು ನುಗ್ಗುವ ಕಟ್ಟೆಗಳಲ್ಲಿ ಈ ಮೀನುಗಳನ್ನು ಕೂಡಿಹಾಕಿ ತತ್ತಿಯಿಡಿಸುವ ಹಳೆಯ ಪದ್ಧತಿಯುಂಟು. ಅಂಥ ಇಕ್ಕಟ್ಟಾದ ನೀರಿನಲ್ಲಿ ಬೆರಕೆಯ ಮರಿಗಳು ತಾವಾಗಿಯೇ ಕಾಣಿಸಿಕೊಂಡಿವೆ. ಹೊಳೆಯ ಅಗಲವು ಮಾಡುತ್ತಿದ್ದ ಕೆಲಸವನ್ನು ಕಟ್ಟೆಯು ಮಾಡಲಾರದು.

ಸೂಜಿಮದ್ದು ಬಂದ ಮೇಲೆ

1957ನೆಯ ಇಸವಿಯ ಜುಲೈ 10ರಂದು ಒಡಿಶಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿಯವರೂ ಆಲಿಕುಂಞಿಯವರೂ, ಮೀನಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಮತ್ತೊಂದು ಮೀನಿಗೆ ಚುಚ್ಚಿ, ಪ್ರವಾಹವಿಲ್ಲದೆಯೇ ತತ್ತಿಯಿಡಿಸುವುದರಲ್ಲಿ ಸಫಲರಾದರು. ಭಾರತದ ಮೀನು ಸಾಕಣೆಯು ಹೊಳೆಯ ಹಂಗು ತಪ್ಪಿಸಿಕೊಂಡದ್ದು ಆ ದಿನದಿಂದ. ಆ ದಿವಸವನ್ನು ಇಂದಿಗೂ ದೇಶದ ಮೀನು ಕೃಷಿಕರ ದಿನವೆಂದು ಆಚರಿಸುವರು. ಈಗ ಗ್ರಂಥಿಯ ಬದಲು ತಯಾರಾದ ಹಾರ್ಮೋನು ಔಷಧವು ಸೀಸೆಯಲ್ಲಿ ದೊರೆಯುತ್ತದೆ. ಆತಗೂರಿನ ಸುತ್ತಿನ ಒಬ್ಬ ರೈತನು ಹೊಂಡಕ್ಕೆ ಐದು ನೂರು ಮರಿ ಬೇಕೆಂದರೆ ಅದು ಸಕಾಲದಲ್ಲಿ ದೊರೆಯುವುದು ಈ ಉಪಾಯದಿಂದಲೇ ಹೊರತು ಬೇರೆಯಲ್ಲ.

ಆದರೆ ಸೂಜಿಮದ್ದು ಬೇಲಿಯನ್ನು ಕಿತ್ತುಹಾಕಿತೆಂಬುದೂ ಅಷ್ಟೇ ನಿಜ. ಮದ್ದು ತಗುಲಿದ ಹೆಣ್ಣಿಗೆ ಆಯ್ಕೆಯಿಲ್ಲ. ಹೊಟ್ಟೆಯೊತ್ತಿ ಬೇಸಿನಿಗೆ ತತ್ತಿ ಹಿಂಡಿ, ಮೇಲೆ ಹಾಲು ಹಿಂಡಿ, ಗರಿಯಿಂದ ಕಲಸುವ ಪದ್ಧತಿಯಲ್ಲಿ ಹಾಲು ಯಾವ ಮೀನಿನದೆಂದು ತತ್ತಿಯು ಕೇಳುವ ಹಾಗಿಲ್ಲ. ಕಾಟ್ಲಾವು ಮದ್ದಿಗೆ ರೋಹು ಮೃಗಾಲ್‌ಗಳಷ್ಟು ಸುಲಭವಾಗಿ ವಶವಾಗುವುದಿಲ್ಲ. ಹೆಣ್ಣು ತತ್ತಿಗೆ ಸಿದ್ಧವಾಗಿ, ಹಾಲುಳ್ಳ ಕಾಟ್ಲಾ ಗಂಡು ಸಿಕ್ಕದೆ ಇರುವ ರಾತ್ರಿಗಳುಂಟು. ಅಂಥ ವೇಳೆಯಲ್ಲಿ ಲಕ್ಷಗಟ್ಟಲೆ ತತ್ತಿಯನ್ನು ಚೆಲ್ಲಲು ಮನಸ್ಸಿಲ್ಲದೆ ಪಕ್ಕದ ತೊಟ್ಟಿಯ ರೋಹುವಿನ ಹಾಲನ್ನು ಹಿಂಡಿಬಿಡುವರು. ಇನ್ನು ಕೆಲವೆಡೆ ಒಂದೇ ರಾತ್ರಿ ಎರಡು ಮೂರು ಜಾತಿಗಳಿಗೆ ಮದ್ದು ಚುಚ್ಚಿ, ಒಂದೇ ದುಂಡುತೊಟ್ಟಿಗೆ ಬಿಟ್ಟು, ಬೆಳಗ್ಗೆ ತತ್ತಿಯನ್ನು ಒಟ್ಟಾಗಿ ಬಳಿದುಕೊಳ್ಳುವ ರೂಢಿಯಿದೆ. ಖರ್ಚು ಕಡಿಮೆಯಾಗುವುದೇನೋ ಸರಿ. ಬೆರಕೆಯೂ ಅಲ್ಲಿಯೇ ಆಗುತ್ತದೆ. ಬಾಂಗ್ಲಾದೇಶದಲ್ಲಿ ಈ ಮೂರು ಜಾತಿಗಳ ಅನುವಂಶಿಕ ಪರೀಕ್ಷೆ ನಡೆಸಿದವರು 2005ರಲ್ಲಿ ಪ್ರಕಟಿಸಿದುದೇನೆಂದರೆ, ಮರಿಕೇಂದ್ರಗಳ ಮೀನಿನಲ್ಲಿ ಬೆರಕೆಯು ವ್ಯಾಪಕವಾಗಿದ್ದಿತು, ಹೊಳೆಯ ಮೀನಿನಲ್ಲಿ ಅದು ಕಂಡುಬರಲಿಲ್ಲ. ಹೊಳೆಯಲ್ಲಿ ಬೇಲಿಯು ಇಂದಿಗೂ ನಿಂತಿದೆ, ತೊಟ್ಟಿಯಲ್ಲಿ ಬಿದ್ದಿದೆ.

ಬೆರಕೆಯಿಂದ ಕೆಡುಕೇನು ಎಂದು ಮಂಡ್ಯದ ಸೀಮೆಯ ರೈತರು ಕೇಳುವುದಕ್ಕೆ ಹಕ್ಕುಳ್ಳವರು. ಅವರ ಗದ್ದೆಯ ಕಬ್ಬೇ ಬೆರಕೆಯದು. 1912ರಲ್ಲಿ ಕೋಯಮತ್ತೂರಿನಲ್ಲಿ ಸ್ಥಾಪಿತವಾದ ಕಬ್ಬಿನ ತಳಿಯ ಕೇಂದ್ರದಲ್ಲಿ ದಪ್ಪಕಬ್ಬಿಗೆ ಕಾಡುಕಬ್ಬನ್ನು ಕೂಡಿಸಿದ್ದರಿಂದಲೇ ಗಟ್ಟಿಮುಟ್ಟಾದ ತಳಿಗಳು ಹೊರಟುವು. ಕಾಟ್ಲಾ ರೋಹುಗಳ ಮೊದಲ ಪೀಳಿಗೆಯ ಬೆರಕೆಯೂ ಕೆಟ್ಟ ಮೀನಲ್ಲ. ಕಾಟ್ಲಾಕ್ಕಿಂತ ತಲೆ ಸಣ್ಣದಾಗಿ ಮಾಂಸ ಹೆಚ್ಚಾಗಿರುವುದು, ರೋಹುವಿಗಿಂತ ಬೇಗನೆ ಬೆಳೆಯುವುದೂ ಉಂಟು. ಆದರೆ ಕಬ್ಬನ್ನು ತುಂಡು ನೆಟ್ಟು ಬೆಳೆಸುವೆವು. ನೂರನೆಯ ಬೆಳೆಯಲ್ಲಿಯೂ ಅದು ಮೊದಲನೆಯದೇ ಆಗಿರುತ್ತದೆ. ಮೀನನ್ನು ತುಂಡು ನೆಡುವಂತಿಲ್ಲ. ಬೆರಕೆಯ ಮೀನು ತತ್ತಿಯಿಟ್ಟರೆ ಎರಡನೆಯ ಪೀಳಿಗೆಯಲ್ಲಿ ಲಕ್ಷಣಗಳು ಚೆದರಿ, ಒಂದು ಮರಿ ಕಾಟ್ಲಾದ ಕಡೆಗೂ ಇನ್ನೊಂದು ರೋಹುವಿನ ಕಡೆಗೂ ಮತ್ತೊಂದು ಎರಡಕ್ಕೂ ಸಲ್ಲದೆಯೂ ಹುಟ್ಟುವುವು. ಮರಿಕೇಂದ್ರದವರು ತಿಳಿಯದೆ ಬೆರಕೆಯ ಮೀನನ್ನೇ ಕಾಟ್ಲಾ ತಾಯಿಯೆಂದು ಇಟ್ಟುಕೊಂಡರೆ ನಾಲ್ಕಾರು ಪೀಳಿಗೆಗಳಲ್ಲಿ ಶುದ್ಧವಾದ ಕಾಟ್ಲಾವು ಎಲ್ಲಿಯೂ ಸಿಕ್ಕದಂತಾಗುವುದು. ಆಮೇಲೆ ಮೊದಲ ಪೀಳಿಗೆಯ ಒಳ್ಳೆಯ ಬೆರಕೆಯನ್ನು ಮಾಡುವುದಕ್ಕೂ ಶುದ್ಧ ತಾಯಿತಂದೆಗಳು ಇರುವುದಿಲ್ಲ. ರೋಹುವನ್ನು ಒಂದೇ ಜಾತಿಯೊಳಗೆ ಆಯ್ದು ಆಯ್ದು ಉತ್ತಮಗೊಳಿಸಿದ ‘ಜಯಂತಿ’ ತಳಿಯು 1997ರಲ್ಲಿ ಭುವನೇಶ್ವರದಿಂದ ಹೊರಬಂದಿತು. ಇಂಥ ಶ್ರಮವೂ ಒಂದು ಬೇಸಿನಿನ ಅಜಾಗರೂಕತೆಯಲ್ಲಿ ತೊಳೆದುಹೋಗಬಹುದು.

ಕೆರೆಯ ಆದಾಯಕ್ಕೂ ಇದರಿಂದ ನೇರವಾದ ನಷ್ಟವುಂಟು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುವುದು, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ; ಆದ್ದರಿಂದಲೇ ಮೂರನ್ನೂ ಕೂಡಿಸಿ ಸಾವಿರಕ್ಕೆ 400, 300, 300ರಂತೆ ಬಿಡುವುದು ವಾಡಿಕೆ. ಕಾಟ್ಲಾವೆಂದು ಕೊಂಡ 400ರಲ್ಲಿ 150 ಬೆರಕೆಯವಾದರೆ ಅವು ನಡುನೀರಿಗೆ ಇಳಿದು ರೋಹುವಿನ ಮೇವಿಗೆ ಕೈಹಾಕುವುವು. ಮೇಲ್ನೀರಿನ ಮೇವು ತಿನ್ನುವವರಿಲ್ಲದೆ ಉಳಿಯುವುದು. ಮೂರು ಜೊತೆ ಎತ್ತುಗಳಿಗೆ ಮೂರು ಗೋದಲಿ ಕಟ್ಟಿಸಿ ಎಲ್ಲವನ್ನೂ ಎರಡರಲ್ಲಿಯೇ ಮೇಯಿಸಿದಂತೆ.

ಹೊಳೆಯ ಮೀನುಗಳ ಗತಿ

ಕೆರೆಯೊಳಗಿನ ಬೆರಕೆ ಕೆರೆಯಲ್ಲಿಯೇ ಮುಗಿಯುವಂತಿದ್ದರೆ ಇಷ್ಟು ಹೇಳಬೇಕಾದುದಿರಲಿಲ್ಲ. ನಿಂತ ನೀರಿನಲ್ಲಿ ಈ ಮೀನುಗಳು ಮರಿ ಮಾಡಲಾರವಾದುದರಿಂದ, ಬಲೆಯೆಳೆದು ತಿಂದುಬಿಟ್ಟರೆ ಅಲ್ಲಿಗೆ ತೀರಿತು. ಆದರೆ ಕೋಡಿ ಬಿದ್ದ ವರ್ಷ ಕೆರೆಯ ಮೀನು ಕೆರೆಯಲ್ಲಿರುವುದಿಲ್ಲ. ಈ ಸೀಮೆಯ ಕೋಡಿಯ ನೀರು ಹಳ್ಳಗಳನ್ನು ಹಿಡಿದು ಶಿಂಷೆಗೆ, ಶಿಂಷೆಯು ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಗೆ. ಅಲ್ಲಿ ಕೆಮ್ಮೀನು, ಕಾಗೆಮೀನು, ಅರಜ ಮೊದಲಾದ ಈ ನೆಲದ ಮೀನುಗಳಿವೆ. ಇವುಗಳಲ್ಲಿ ಮೊದಲೆರಡು ರೋಹುವಿಗೆ ಹತ್ತಿರದ ನಂಟರು.

ಶಿಂಷೆಯು ಸೇರಿದ ಮೇಲೆ ಮುತ್ತತ್ತಿ, ಗಾಳಿಬೋರೆಗಳ ಮಡುಗಳಲ್ಲಿ ಕಾವೇರಿಯ ಬಿಳಿಮೀನು, ಎಂದರೆ ಬೆನ್ನು ಗೂನಾದ ಮಹಶೀರ್, ಇರುವುದು. ಇದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಹೊರತು ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ ಒಂದು ಮಹಶೀರ್ 120 ಪೌಂಡು ತೂಗಿತು. ಮಹಾರಾಷ್ಟ್ರದ ಲೋನಾವಳಾದಲ್ಲಿ ಕೃಷ್ಣಾ ಜಲಾನಯನದ ನೀಲಿರೆಕ್ಕೆಯ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವುದು ಕೈಗೂಡಿದ ಮೇಲೆ, ಒಳ್ಳೆಯ ಉದ್ದೇಶದಿಂದಲೇ, ಆ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಎರಡೂ ಮಹಶೀರುಗಳೇ, ವ್ಯತ್ಯಾಸವೇನೆಂದು ಆಗ ಯಾರೂ ಕೇಳಿದಂತಿಲ್ಲ. ಗಾಳಿಬೋರೆಯಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರ ವರೆಗೆ ಬರೆದಿಟ್ಟ ಲೆಕ್ಕಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ, ನೀಲಿರೆಕ್ಕೆಯದು ಹೆಚ್ಚುತ್ತ, ಗೂನುಬೆನ್ನಿನದು ವಿರಳವಾಗುತ್ತ ಬಂದದ್ದು ತಿಳಿಯಿತು. ಆ ವೇಳೆಗೂ ಗೂನುಬೆನ್ನಿನ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ನಿಷ್ಕರ್ಷೆಯಾಗಿರಲಿಲ್ಲ. ಅದು 2018ರಲ್ಲಿ ಆಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯನ್ನೂ ಸೇರಿತು. ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದಿನಿಂದ ಮೀನು ಕೊಲ್ಲುವುದು, ಇವೆಲ್ಲವೂ ಈ ಅವನತಿಗೆ ಪಾಲುದಾರರೆಂಬುದು ದಿಟ. ಆದರೆ ನಂಟನನ್ನೇ ಹೊರಗಿನಿಂದ ಕರೆತಂದರೆ, ಒಂದೋ ಅವನು ಜಾಗವನ್ನು ಆಕ್ರಮಿಸುವನು, ಇಲ್ಲವೇ ಕುಲವನ್ನೇ ಬೆರೆಸುವನೆಂಬ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ಲಕ್ಷಾಂತರ ವರ್ಷ ಬೇರೆ ಬೇರೆ ಹೊಳೆಗಳಲ್ಲಿದ್ದ ಎರಡು ಮೀನುಗಳಿಗೆ ಹೊಳೆಗಳ ನಡುವಣ ದಿಣ್ಣೆಯೇ ಬೇಲಿಯಾಗಿದ್ದಿತು. ಲಾರಿಯ ಮೇಲಿನ ಒಂದು ಪೀಪಾಯಿಯು ಆ ದಿಣ್ಣೆಯನ್ನು ದಾಟಿಬಿಟ್ಟಿತು.

ಮರಿ ತರುವಾಗ ನೋಡತಕ್ಕದ್ದು

ಮೊಟ್ಟೆಯೊಡೆದ ಹಸುಮರಿಯಲ್ಲಿ ಬೆರಕೆಯನ್ನು ಕಣ್ಣಿನಿಂದ ಕಂಡುಹಿಡಿಯುವುದು ಯಾರಿಗೂ ಸಾಧ್ಯವಿಲ್ಲ. ಅದನ್ನು ಕಾಟ್ಲಾವೆಂದು ಆಣೆಯಿಟ್ಟು ಮಾರುವವರ ಮಾತಿಗೆ ಬೆಲೆಯಿಲ್ಲ. ಬೆರಳುದ್ದ ಬೆಳೆದ ಮರಿಯಲ್ಲಿ ಮಾತ್ರ ನೋಡಬಹುದು. ಕಾಟ್ಲಾದ ಮರಿಗೆ ತಲೆ ದೊಡ್ಡದು, ಬಾಯಿ ಅಗಲವಾಗಿ ಮೇಲಕ್ಕೆ ತಿರುಗಿರುವುದು, ಮೀಸೆಯಿರದು. ರೋಹುವಿನ ತುಟಿ ಅಂಚುಗಟ್ಟಿ ಕೆಳಮುಖವಾಗಿರುವುದು, ಸಣ್ಣ ಮೀಸೆಯುಂಟು. ಮೃಗಾಲಿನ ತುಟಿ ತೆಳುವು, ಮೈ ನೀಳ, ಬಾಲದ ಬುಡದಲ್ಲಿ ಕಪ್ಪು ಮಚ್ಚೆ. ಬಿಳಿಯ ಬೇಸಿನಿನಲ್ಲಿ ನೀರು ಹಾಕಿ ಐವತ್ತು ಮರಿಗಳನ್ನು ಬಿಟ್ಟು ನೋಡಿ, ಕಾಟ್ಲಾವೆಂದು ಕೊಟ್ಟವುಗಳಲ್ಲಿ ಬಾಯಿ ನೇರವಾಗಿ ಮುಂದಕ್ಕಿರುವುವು, ತುಟಿಯಲ್ಲಿ ಅಂಚಿನ ಸುಳಿವಿರುವುವು ನಾಲ್ಕೈದಕ್ಕಿಂತ ಹೆಚ್ಚು ಕಂಡರೆ ಆ ಹೊರೆಯನ್ನು ಹಿಂದಿರುಗಿಸುವುದೇ ಲೇಸು. ಪಂಚಾಯಿತಿಯಿಂದ ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಕೊಡುವಾಗ, ಮರಿಯನ್ನು ಯಾವ ಕೇಂದ್ರದಿಂದ ತಂದುದೆಂಬ ರಸೀದಿಯನ್ನು ಗುತ್ತಿಗೆದಾರನು ಒಪ್ಪಿಸಬೇಕೆಂಬ ಒಂದು ಷರತ್ತನ್ನು ಬರೆಸುವುದಕ್ಕೆ ಖರ್ಚೇನೂ ಇಲ್ಲ. ಜಾತಿಜಾತಿಗೆ ಬೇರೆ ತಾಯಿಮೀನಿನ ಕೊಳಗಳಿವೆಯೇ, ಒಂದೇ ತೊಟ್ಟಿಯಲ್ಲಿ ಒಂದು ರಾತ್ರಿಗೆ ಒಂದೇ ಜಾತಿಗೆ ಮದ್ದು ಕೊಡುವರೇ ಎಂಬುದನ್ನು ಮರಿಕೇಂದ್ರಕ್ಕೆ ಹೋದಾಗ ಕೇಳುವುದರಿಂದಲೂ ಬಹಳ ಸಂಗತಿ ತಿಳಿಯುತ್ತದೆ. ಉತ್ತರ ಹೇಳಲು ತಡವರಿಸುವ ಕಡೆ ಮರಿ ಕೊಳ್ಳಬಾರದು.

ಮರಿ ಬಿಡುವುದಕ್ಕೆ ಮುಂಚೆ ಕೋಡಿಗೂ ತೂಬಿಗೂ ಜಾಲರಿ ಕಟ್ಟತಕ್ಕದ್ದು. ಕೋಡಿಯ ಜಾಲರಿಗೆ ಕಸಕಡ್ಡಿ ತುಂಬಿ ನೀರು ಕಟ್ಟಿಕೊಂಡರೆ ಏರಿಗೇ ಅಪಾಯವಾದುದರಿಂದ, ದೊಡ್ಡ ಮಳೆಯ ರಾತ್ರಿ ಅದನ್ನು ಬಿಡಿಸಲು ಒಬ್ಬ ಆಳನ್ನು ಗೊತ್ತುಮಾಡಿರಬೇಕು. ಏರಿಯ ಮುಂದೆ ಮೀನಿನ ಲೆಕ್ಕ ದೊಡ್ಡದಲ್ಲ. ಮನೆಯ ತೊಟ್ಟಿಯಲ್ಲಿ ಸಾಕಿ ಬೇಸರವಾದ ಬಣ್ಣದ ಮೀನನ್ನಾಗಲಿ, ಹೊರದೇಶದ ಮೀನನ್ನಾಗಲಿ ಕೆರೆಗೂ ಹೊಳೆಗೂ ಸುರಿಯಬಾರದು. ಆಫ್ರಿಕಾದ ಕ್ಯಾಟ್‌ಫಿಷ್ ಸಾಕುವುದು ನಿಷೇಧಿಸಲ್ಪಟ್ಟಿದೆ; ಅದು ಸಣ್ಣ ಮೀನುಗಳನ್ನು ನುಂಗುವುದಲ್ಲದೆ, ಅದನ್ನು ನಮ್ಮ ದೇಶದ ಮಾಗೂರಿಗೆ ಕೂಡಿಸಿ ಹುಟ್ಟಿಸಿದ ಬೆರಕೆಯನ್ನು ಮಾಗೂರೆಂದೇ ಮಾರುವವರೂ ಇದ್ದಾರೆ. ಬೇಸಗೆಯಲ್ಲಿ ಬಲೆಯೆಳೆದಾಗ ಬೆರಕೆಯೆಂದು ತೋರಿದ ಮೀನುಗಳನ್ನು ಮೊದಲು ಮಾರಾಟಕ್ಕೆ ಕಳುಹಿಸಿ, ಮರಿಕೇಂದ್ರದವರು ತಾಯಿಮೀನಿಗಾಗಿ ಕೇಳಿಕೊಂಡು ಬಂದರೆ ಅವುಗಳನ್ನು ಕೊಡದಿರುವುದು ಯುಕ್ತ. ಮುಂದಿನ ಸಾಲಿಗೆ ಬೇಕಾದ ಮರಿಯನ್ನು ಮುಂಗಾರು ಹಿಡಿಯುವ ಮೊದಲೇ ಗೊತ್ತುಮಾಡಿಕೊಂಡವರಿಗೆ ಆರಿಸಿಕೊಳ್ಳಲು ಅವಕಾಶವಿರುತ್ತದೆ. ಕೆರೆ ತುಂಬಿದ ಮೇಲೆ ಅವಸರದಿಂದ ಓಡುವವರಿಗೆ ತೊಟ್ಟಿಯ ತಳದಲ್ಲಿ ಉಳಿದದ್ದೇ ದೊರೆಯುವುದು.